ಕಂಡಂ ಎಂದು ಬರೆಯುವ ಮೊದಲು

ಕೆಟ್ಟ ಟ್ರ್ಯಾಕ್ಟರ್ ಎಂಜಿನ್ನನ್ನು ರಿಪೇರಿ ಮಾಡಬೇಕೋ ಗುಜರಿಗೆ ಹಾಕಬೇಕೋ ಎಂದು ಹೇಳುವುದು ಮೂವತ್ತಕ್ಕೂ ಹೆಚ್ಚು ವರ್ಷ ನನ್ನ ಕೆಲಸವಾಗಿತ್ತು. ಮಾಧವರಂನಲ್ಲಿ ಹಾಲಿನ ಡೇರಿ ದಾಟಿ ಸ್ವಲ್ಪ ಮುಂದೆ ಒಂದು ಟ್ರ್ಯಾಕ್ಟರ್ ಡೀಲರ್ ಕಂಪನಿಯ ವರ್ಕ್‌ಶಾಪು. ಕಂಪನಿಯ ಹೆಸರು ಬೇಡ. ಅಲ್ಲಿ ನಾನು ಎಂಜಿನ್ ಸೆಕ್ಷನ್ನಿನ ಸೂಪರ್‌ವೈಸರ್. ಚೆನ್ನೈಯಲ್ಲಿ ಟ್ರ್ಯಾಕ್ಟರಿಗೇನು ಕೆಲಸ ಎಂದು ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನವರು ಇವತ್ತಿಗೂ ಕೇಳುತ್ತಾರೆ. ಅವರ ಬೀದಿ ಅಗೆದಾಗ ಮಣ್ಣು ಸಾಗಿಸಿದ್ದು, ಅವರ ಮಕ್ಕಳ ಮದುವೆ ಮಂಟಪಕ್ಕೆ ನೀರಿನ ಟ್ಯಾಂಕು ಎಳೆದು ತಂದದ್ದು ಯಾವುದೆಂದು ಅವರು ತಲೆಯೆತ್ತಿ ನೋಡಿಲ್ಲ, ಅಷ್ಟೆ.

ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಉಪಯೋಗವಾಗುವಂತೆ ನಿಮ್ಮ ಅನುಭವ ಬರೆಯಿರಿ ಎಂದು ಪರಿಚಯದ ಮೇಷ್ಟ್ರೊಬ್ಬರು ಕೇಳಿದರು. ಸ್ಫೂರ್ತಿ ಬರುವಂತಿರಲಿ ಎಂದೂ ಸೇರಿಸಿದರು. ಅವರಿಗೆ ಬೇಕಾದ ಸರಕು ನನ್ನಲ್ಲಿಲ್ಲ. ರಿಟೈರಾಗಿ ಎರಡು ವರ್ಷವಾದರೂ ನನಗೆ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂಬುದನ್ನು ಓದುತ್ತಾ ಹೋದರೆ ತಿಳಿಯುತ್ತದೆ.

ಮೊದಲು ಒಂದು ಪದದ ವಿಷಯ ಹೇಳಬೇಕು. ಇನ್ನು ಪ್ರಯೋಜನವಿಲ್ಲ ಎಂದು ತೀರ್ಮಾನವಾದ ಗಾಡಿಗೆ ಮದ್ರಾಸಿನ ವರ್ಕ್‌ಶಾಪುಗಳಲ್ಲಿ 'ಕಂಡಂ' ಎನ್ನುತ್ತಾರೆ. ಕಂಡೆಮ್ ಎಂಬ ಇಂಗ್ಲಿಷ್ ಪದ ಗ್ರೀಸು ಮೆತ್ತಿಕೊಂಡು ಹಾಗಾಗಿದೆ. ನಾನು ಕೆಲಸಕ್ಕೆ ಸೇರಿದಾಗ ಇದು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ತಮಿಳು ಕಲಿತರೆ ಕನ್ನಡ ಮರೆತೀಯ ಎಂದು ನಮ್ಮ ತಂದೆ ಮನೆಯಲ್ಲಿ ಕೂರಿಸಿ ಹಳಗನ್ನಡ ವ್ಯಾಕರಣ ಬಾಯಿಪಾಠ ಮಾಡಿಸಿದ್ದರು. ಹಳಗನ್ನಡದಲ್ಲಿ 'ಕಂಡಂ' ಎಂದರೆ ನೋಡಿದನು. ಮೊದಲ ವಾರವೇ ಫೋರ್‌ಮನ್ ಮಾಣಿಕ್ಕಂ ಒಂದು ಟ್ರ್ಯಾಕ್ಟರ್ ತೋರಿಸಿ, "ಇದು ಕಂಡಂ, ಬರ್ಕೊ" ಎಂದರು. ನೋಡಿ ಆಗಿದೆ ಎನ್ನುತ್ತಿದ್ದಾರೆ ಎಂದುಕೊಂಡು ನಾನು ರಿಜಿಸ್ಟರಿನಲ್ಲಿ 'ಸೀನ್' ಎಂದು ಇಂಗ್ಲಿಷಿನಲ್ಲಿ ಬರೆದೆ. ಗುಜರಿಗೆ ಹೋಗಬೇಕಿದ್ದ ಗಾಡಿ ರಿಪೇರಿ ಸಾಲಿಗೆ ಬಂದು ನಿಂತಿತು. ಇಬ್ಬರು ಮೆಕ್ಯಾನಿಕ್‌ಗಳು ಒಂದು ದಿನವಿಡೀ ಅದನ್ನು ಬಿಚ್ಚಿದರು.

ಮಾಣಿಕ್ಕಂ ಆಡುತ್ತಿದ್ದದ್ದು ತಮಿಳು, ಅದೂ ವಡಚೆನ್ನೈಯ, ಎಂದರೆ ಉತ್ತರ ಮದ್ರಾಸಿನ ತಮಿಳು. ಇಲ್ಲಿ ನನ್ನ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆ ದಿನ ಅವರು ನನಗೆ ಬೈದದ್ದನ್ನು ಮಾತ್ರ ಯಾವ ಭಾಷೆಗೂ ತರುವ ಹಾಗಿಲ್ಲ. ಕಾರಣ ಹೇಳಿದ ಮೇಲೆ ನಕ್ಕರು. "ನಿಮ್ಮಪ್ಪನ ಅರ್ಥಾನೇ ವಾಸಿ ಕಣಪ್ಪಾ. ನೋಡ್ದೇನೇ ಕಂಡಂ ಅಂತ ಬರೆಯೋ ನನ್ಮಕ್ಕಳು ಬೇಕಾದಷ್ಟು ಜನ ಇದಾರೆ. ನೀನು ಆ ಕೆಲಸ ಮಾಡ್ಬೇಡ."

ಮಾಣಿಕ್ಕಂ ನೋಡುವ ಕ್ರಮ ಹೀಗಿತ್ತು. ಎಂಜಿನ್ ಬ್ಲಾಕ್ ಬಿರುಕು ಬಿಟ್ಟಿದೆ ಎಂದು ಅನುಮಾನ ಬಂದರೆ ಆ ಜಾಗವನ್ನು ಕೆರೆದು ಲೋಹ ಕಾಣುವಂತೆ ಮಾಡುವುದು. ಸೀಮೆಎಣ್ಣೆ ಬಳಿದು ಕಾಲು ಗಂಟೆ ಬಿಡುವುದು. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕುವುದು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಮೂಡುತ್ತದೆ. ಆ ಗೆರೆ ಮೂಡುವವರೆಗೆ ಅವರು ಬ್ಲಾಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಮ್ಯಾನೇಜರ್ ಕರೆದರೂ ಏಳುತ್ತಿರಲಿಲ್ಲ.

ನಾನು ಒಮ್ಮೆ ಎದ್ದೆ. ಕಸದ ಟ್ರೇಲರ್ ಎಳೆಯುವ ಗಾಡಿ, ಸಾಯಂಕಾಲದೊಳಗೆ ಬೇಕು ಎಂದು ಫೋನ್ ಮೇಲೆ ಫೋನ್. ಸುಣ್ಣ ತಿಕ್ಕಿ ಐದು ನಿಮಿಷ ನೋಡಿದೆ, ಗೆರೆ ಬರಲಿಲ್ಲ, ಸರಿಯಿದೆ ಎಂದು ಬರೆದು ಕಳಿಸಿದೆ. ಮೂರನೆಯ ದಿನ ಅದು ಫ್ಲೈಓವರ್ ಹತ್ತುವಾಗ ಬ್ಲಾಕ್ ಸೀಳಿ ನಿಂತುಹೋಯಿತು. ಹಿಂದೆ ಬರುತ್ತಿದ್ದ ಸ್ಕೂಟರಿನವನ ಕಾಲಿನ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋಗಿ ಅವನನ್ನು ನೋಡುವ ಧೈರ್ಯ ನನಗೆ ಬರಲಿಲ್ಲ, ಮಾಣಿಕ್ಕಂ ಹೋಗಿ ಬಂದರು. ಹಳೆಯದನ್ನೆಲ್ಲಾ ರಿಪೇರಿ ಮಾಡಿ ಎಂದು ನಾನು ಉಪದೇಶ ಮಾಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಸರಿಯಿಲ್ಲದ್ದನ್ನು ಸರಿಯಿದೆ ಎನ್ನುವುದೂ ಅಷ್ಟೇ ದೊಡ್ಡ ತಪ್ಪು.

ಮಾಣಿಕ್ಕಂ ರಿಟೈರಾದರು. ಆಮೇಲೆ ಕಂಪ್ಯೂಟರು ಬಂತು, ಟ್ಯಾಬ್ ಬಂತು, ವಾಟ್ಸಾಪಿನಲ್ಲಿ ಫೋಟೋ ಕಳಿಸುವುದು ಬಂತು. ಹೊಸ ಸಲಕರಣೆ ಕಂಡರೆ ಮೂಗು ಮುರಿಯುವವನಲ್ಲ ನಾನು. ಇಂಧನ ಪಂಪಿನ ದೋಷವನ್ನು ಯಂತ್ರ ಹೇಳುವಷ್ಟು ಬೇಗ ನನ್ನ ಕಿವಿ ಹೇಳುತ್ತಿರಲಿಲ್ಲ. ನನ್ನ ಕೋಪವೆಲ್ಲ ಬೇರೆ ಕಡೆ. ಎಂಜಿನ್ ಇರುವುದು ಮಾಧವರಂನಲ್ಲಿ, ಅದರ ಹಣೆಬರಹ ಬರೆಯುವವರು ಕೂತಿರುವುದು ನುಂಗಂಬಾಕ್ಕಂನ ಹೆಡ್ ಆಫೀಸಿನಲ್ಲಿ, ಏಸಿ ಕೆಳಗೆ. ಹಳೆಯ ಗಾಡಿ ಕಂಡಂ ಆದರೆ ಗಿರಾಕಿ ಹೊಸ ಗಾಡಿ ತೆಗೆದುಕೊಳ್ಳುತ್ತಾನೆ. ಹೊಸ ಗಾಡಿ ಎಷ್ಟು ಹೋಯಿತು ಎಂಬುದರ ಮೇಲೆ ಅಲ್ಲಿಯವರ ಹೆಸರು ನಿಂತಿದೆ. ಹೀಗಿದ್ದ ಮೇಲೆ ಎಂಜಿನ್ನಿನ ಕಥೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಆಫೀಸಿಗೆ ಸರ್ವಿಸ್ ಮ್ಯಾನೇಜರಾಗಿ ವಾದಿರಾಜ ಬಂದ. ನಮ್ಮವನೇ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದ ಮಾಧ್ವರ ಮನೆಯ ಹುಡುಗ. ಮೊದಲ ದಿನವೇ ನನ್ನ ಹೆಸರು ನೋಡಿ ಕನ್ನಡದಲ್ಲಿ ಮಾತಾಡಿಸಿದ, ಮಾಮಾ ಎಂದು ಕರೆದ. ಹಗಲೆಲ್ಲಾ ತಮಿಳಿನಲ್ಲಿ ಕೂಗಾಡಿ ಗಂಟಲು ಒಣಗಿದವನಿಗೆ ಅಷ್ಟು ಸಾಕಾಗಿತ್ತು. ನನ್ನ ಸ್ವಂತ ಮಗನೇ ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಮ್ಯಾನೇಜರ್ ಒಬ್ಬ ಮನೆಮಾತಿನಲ್ಲಿ 'ಊಟ ಆಯ್ತಾ ಮಾಮಾ' ಎಂದರೆ ನಾನು ಕರಗಿಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿಲ್ಲ, ಆದರೆ ನಾಚಿಕೆ ಇದೆ.

ಕಂಡಂ ಫಾರಂ ಎಂದು ಒಂದಿತ್ತು. ಅದರ ಕೊನೆಯಲ್ಲಿ 'ಖುದ್ದಾಗಿ ಪರಿಶೀಲಿಸಿದ್ದೇನೆ' ಎಂಬ ಸಾಲು, ಅದರ ಕೆಳಗೆ ಎಂಜಿನ್ ಸೂಪರ್‌ವೈಸರ್ ಸಹಿ. ಆ ಸಹಿ ಹಾಕಲು ನಾನು ಮಾಧವರಂನಿಂದ ನುಂಗಂಬಾಕ್ಕಂಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಬಿಸಿಲು, ಟ್ರಾಫಿಕ್ಕು, ಅರ್ಧ ದಿನ ಹಾಳು. ಒಂದು ದಿನ ವಾದಿರಾಜ ಕಾಫಿ ತರಿಸಿ ಹೇಳಿದ: "ಮಾಮಾ, ಈ ವಯಸ್ಸಲ್ಲಿ ಯಾತಕ್ಕೆ ಸುಮ್ನೆ ಅಲೀತೀರಿ? ತಿಂಗಳಿಗೆ ಹತ್ತು ಫಾರಂ ಸೈನ್ ಹಾಕಿ ಕೊಟ್ಬಿಡಿ. ಡೀಟೇಲ್ಸ್ ನೀವು ಫೋನಲ್ಲಿ ಹೇಳಿ, ಇಲ್ಲೇ ಫಿಲ್ ಅಪ್ ಮಾಡ್ಕೋತೀವಿ. ಪರವಾಯಿಲ್ಲೆ ತಾನೆ?"

ಪರವಾಗಿಲ್ಲ ಎಂದೆ. ಅಲ್ಲೇ ಕೂತು ಹತ್ತು ಖಾಲಿ ಫಾರಂಗೆ ಸಹಿ ಹಾಕಿದೆ. ಮೊದಮೊದಲು ಅವನು ಫೋನ್ ಮಾಡಿ ಕೇಳುತ್ತಿದ್ದ. ಆಮೇಲೆ ಆಗೊಮ್ಮೆ ಈಗೊಮ್ಮೆ ಕೇಳಿದ. ಕಡೆಕಡೆಗೆ ಕೇಳುವುದನ್ನೇ ಬಿಟ್ಟ. ನಾನು ಮಾತ್ರ ತಿಂಗಳು ತಿಂಗಳೂ ತಪ್ಪದೆ ಹತ್ತು ಸಹಿ ಹಾಕಿ ಕಳಿಸುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು.

ರಿಟೈರಾಗಲು ನಾಲ್ಕು ತಿಂಗಳಿತ್ತು. ತಂದೆಯ ಶ್ರಾದ್ಧಕ್ಕೆ ರಜೆ ಹಾಕಿ ಮೂರನೆಯ ದಿನ ಕೆಲಸಕ್ಕೆ ಹೋದೆ. ಹಿತ್ತಲಿನ ಕಂಡಂ ಸಾಲಿನಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಹೊಸದಾಗಿ ನಿಂತಿತ್ತು. ಅದರ ಮಡ್‌ಗಾರ್ಡ್ ಮೇಲೆ ನಲವತ್ತರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ಗಂಡಸರ ಶರ್ಟು ತೊಟ್ಟು ಕೂತಿದ್ದಳು. ಹೆಸರು ಸೆಲ್ವಿ. ಎಣ್ಣೂರಿನ ಕಡೆಯ ಒಂದು ಕುಪ್ಪದವಳು, ಎಂದರೆ ಮೀನುಗಾರರ ಕೇರಿಯವಳು. ಬೆಳಿಗ್ಗೆ ಕಡಲಿಂದ ಬರುವ ಫೈಬರ್ ದೋಣಿಗಳನ್ನು ಹಗ್ಗ ಕಟ್ಟಿ ಮರಳ ಮೇಲೆ ಎಳೆದು ತರುವುದು ಆ ಟ್ರ್ಯಾಕ್ಟರಿನ ಕೆಲಸ, ಓಡಿಸುವವಳು ಅವಳೇ.

"ಯಾಕಮ್ಮ ಇಲ್ಲಿ ಕೂತಿದೀಯ?" ಎಂದೆ.

"ಕಂಡಂ ಮಾಡ್ಬಿಟ್ರು ಸಾರ್. ಕೆಳಗೆ ಇಳಿದ್ರೆ ಲಾರೀಲಿ ಹೇರ್ಕೊಂಡು ಗುಜರಿಗೆ ಹೋಗ್ತಾರಂತೆ. ಅದಕ್ಕೆ ಇಳೀತಾ ಇಲ್ಲ."

ಎಂಜಿನ್ ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ತಿರುಗಿತ್ತಂತೆ. ಎರಡು ಸಲ ಬದಲಾಯಿಸಿದರೂ ಮತ್ತೆ ಹಾಗೇ. ಅಂದರೆ ನೀರು ಒಳಗೆ ಬರುತ್ತಿದೆ. ನೀರು ಬರಲು ಬ್ಲಾಕ್ ಒಡೆದಿರಬಹುದು, ಇಲ್ಲವೇ ಸಿಲಿಂಡರಿನೊಳಗಿನ ಕೊಳವೆ, ಅಂದರೆ ಲೈನರಿನ ಬುಡದಲ್ಲಿ ನೀರು ತಡೆಯುವ ರಬ್ಬರ್ ರಿಂಗು ಕೊಳೆತಿರಬಹುದು. ಮೊದಲನೆಯದಾದರೆ ಗಾಡಿಯ ಆಯಸ್ಸು ಮುಗಿಯಿತು. ಎರಡನೆಯದಾದರೆ ವಾರದ ಕೆಲಸ. ಯಾವುದು ಎಂದು ತಿಳಿಯಬೇಕಾದರೆ ಬಿಚ್ಚಬೇಕು. ನಾನು ಬಗ್ಗಿ ನೋಡಿದೆ. ಒಂದು ಬೋಲ್ಟನ್ನೂ ಯಾರೂ ಮುಟ್ಟಿರಲಿಲ್ಲ. ಬೋಲ್ಟಿನ ತಲೆಯ ಮೇಲಿನ ಉಪ್ಪು ಹಾಗೇ ಇತ್ತು.

ನನಗೆ ಮೈಯೆಲ್ಲಾ ಉರಿದುಹೋಯಿತು. "ಬಿಚ್ಚದೆಯೇ ಕಂಡಂ ಮಾಡಿದ್ದಾರೆ. ಯಾವ ಬುದ್ಧಿವಂತ ನೋಡಿ ಹೇಳಿದನಮ್ಮ ಇದನ್ನ?" ಎಂದು ಕೂಗಿದೆ.

ಸೆಲ್ವಿ ಶರ್ಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದಳು. "ಅವರಿಗೇ ಕಾಯ್ತಾ ಇದೀನಿ ಸಾರ್. ರಜೆ ಅಂದ್ರು. ಸಿ. ಕೆ. ರಾವ್ ಅಂತೆ. ನೀವು ಇಲ್ಲಿಯವರೇ ತಾನೆ, ಅವರು ಬಂದ್ರೆ ಸ್ವಲ್ಪ ತೋರಿಸ್ತೀರಾ?"

ಕಾಗದದಲ್ಲಿ 'ಎಂಜಿನ್ ಬ್ಲಾಕ್ ಬಿರುಕು, ರಿಪೇರಿಗೆ ಯೋಗ್ಯವಲ್ಲ, ಖುದ್ದಾಗಿ ಪರಿಶೀಲಿಸಿದ್ದೇನೆ' ಎಂದಿತ್ತು. ಕೆಳಗೆ ನನ್ನ ಸಹಿ. ತಾರೀಖು ನೋಡಿದೆ. ಆ ದಿನ ನಾನು ಮನೆಯಲ್ಲಿ ಪಿಂಡ ಕಲಸುತ್ತಿದ್ದೆ.

"ನಾನೇ ರಾವ್," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ವಂಡಿ ನೋಡಿದಿರಾ ಸಾರ್?"

"ಇಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಕಷ್ಟ ಏನೆಂದು ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ಅವರ ಕುಪ್ಪದ ದಡದಲ್ಲಿ ಎಳೆಯುವ ಹಕ್ಕು ಒಂದೇ ಟ್ರ್ಯಾಕ್ಟರಿಗೆ. ಊರಿನ ಹಿರಿಯರು ಕೊಟ್ಟದ್ದು. ಗಾಡಿ ಕೆಟ್ಟರೆ ಹದಿನೈದು ದಿನ ಕಾಯುತ್ತಾರೆ, ದೋಣಿಗಳನ್ನು ಕೈಯಲ್ಲೇ ಎಳೆದುಕೊಳ್ಳುತ್ತಾರೆ. ಹದಿನಾರನೆಯ ದಿನ ಹಕ್ಕು ಬೇರೆಯವರಿಗೆ ಹೋಗುತ್ತದೆ. ಬೇರೆಯವನು ಆಗಲೇ ಹೊಸ ಟ್ರ್ಯಾಕ್ಟರ್ ತಂದು ರಸ್ತೆ ಪಕ್ಕ ನಿಲ್ಲಿಸಿಕೊಂಡಿದ್ದ. "ಹೆಂಗಸು ಓಡಿಸೋದೇನು ಅಂತ ಮೊದಲಿಂದ್ಲೂ ಹೇಳೋನು. ಒಂದ್ಸಲ ಹೋದ್ರೆ ನನಗೆ ತಿರುಗಿ ಕೊಡಲ್ಲ ಸಾರ್." ಆಗಲೇ ಆರು ದಿನ ಕಳೆದಿತ್ತು.

ನಡೆದದ್ದು ಇಷ್ಟು. ವರ್ಕ್‌ಶಾಪಿನ ಯಾರೋ ಎಂಜಿನ್ನಿನ ಫೋಟೋ ತೆಗೆದು ನುಂಗಂಬಾಕ್ಕಂಗೆ ಕಳಿಸಿದ್ದರು. ಅದರಲ್ಲಿ ಬ್ಲಾಕಿನ ಪಕ್ಕದಲ್ಲಿ ಒಂದು ಕಪ್ಪು ಗೆರೆ ಕಂಡಿದೆ. ವಾದಿರಾಜ ಗೆರೆ ನೋಡಿದ, ಗಾಡಿಯ ವಯಸ್ಸು ನೋಡಿದ, ಡ್ರಾಯರಿನಿಂದ ನನ್ನ ಸಹಿ ತೆಗೆದ. ನಾನು ಒರೆಸುವ ಹತ್ತಿ ನೂಲಿನ ವೇಸ್ಟಿಗೆ ಡೀಸೆಲ್ ಸುರಿದು ಆ ಗೆರೆಯ ಮೇಲೆ ಉಜ್ಜಿದೆ. ಗೆರೆ ಹೋಯಿತು. ಗ್ರೀಸು, ಮರಳು, ಉಪ್ಪು ಸೇರಿ ಒಣಗಿದ್ದ ಕೊಳೆ ಅದು. ಒರೆಸಿದರೆ ಹೋಗುವ ಬಿರುಕನ್ನು ನನ್ನ ಇಡೀ ಸರ್ವಿಸಿನಲ್ಲಿ ನಾನು ನೋಡಿರಲಿಲ್ಲ. ಸೆಲ್ವಿ ಆ ಕಪ್ಪಾದ ವೇಸ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು.

ರಿಪೇರಿಗೆ ಅಪ್ಪಣೆ ಕೊಡುವ ಜಾಬ್ ಕಾರ್ಡ್ ಇಲ್ಲದೆ ಗಾಡಿ ಬಿಚ್ಚುವ ಹಾಗಿಲ್ಲ. ಕಂಡಂ ಆದ ಗಾಡಿಗೆ ಜಾಬ್ ಕಾರ್ಡ್ ಹುಟ್ಟುವುದಿಲ್ಲ. ನಾನು ಅದನ್ನೆಲ್ಲಾ ಪಕ್ಕಕ್ಕಿಟ್ಟು ಎಂಜಿನ್ ತಳದ ಆಯಿಲ್ ಸಂಪ್ ಕಳಚಿಸಿದೆ. ಬ್ಲಾಕಿಗೆ ಸೀಮೆಸುಣ್ಣ ತಿಕ್ಕಿ ಮುಂದೆ ಕೂತೆ. ಮುಕ್ಕಾಲು ಗಂಟೆ ಕಾದರೂ ಬಿಳಿ ಬಿಳಿಯಾಗಿಯೇ ಇತ್ತು. ಆಮೇಲೆ ರೇಡಿಯೇಟರಿಗೆ ನೀರು ತುಂಬಿ ಪಂಪಿನಿಂದ ಒತ್ತಡ ಕೊಟ್ಟು, ಎಂಜಿನ್ನಿನ ಕೆಳಗೆ ಪೇಪರ್ ಹಾಸಿದೆವು. ಮೂರನೆಯ ಲೈನರಿನ ಬುಡದಿಂದ ತೊಟ್ಟು ತೊಟ್ಟಾಗಿ ನೀರು ಬಿತ್ತು. ಲೈನರ್ ಎಳೆದು ನೋಡಿದರೆ ರಬ್ಬರ್ ರಿಂಗು ಬೆರಳಿಗೆ ಅಂಟುವಷ್ಟು ಕೊಳೆತಿತ್ತು. ರಿಂಗು ಕೂರುವ ಬ್ಲಾಕಿನ ಅಂಚನ್ನೂ ರೇಡಿಯೇಟರಿಗೆ ಹಾಕುತ್ತಿದ್ದ ಉಪ್ಪುನೀರು ಕಚ್ಚಿ ತಿಂದಿತ್ತು. ಹೊಸ ರಿಂಗು ಹಾಕಿದರೂ ಅಲ್ಲಿ ನಿಲ್ಲುವುದಿಲ್ಲ. ಇಲ್ಲಿ ನಾನು ನಿಜವಾಗಿ ಯೋಚನೆಗೆ ಬಿದ್ದೆ.

ಬೆರಳಿಟ್ಟು ಸವೆದ ಆಳ ನೋಡಿದೆ, ಗೇಜು ಹಾಕಿ ನೋಡಿದೆ. ಕೆಳಗೆ ಗಟ್ಟಿ ಲೋಹ ಇತ್ತು. ಸವೆದ ಅಂಚನ್ನು ಲೇತಿನವರಿಂದ ಕೊರೆಸಿ ಒಂದು ತೆಳು ಬಳೆ ಕೂರಿಸಿದರೆ ಹೊಸ ರಿಂಗು ಹಿಡಿಯುತ್ತದೆ. ಸೆಲ್ವಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ: "ಎಂಜಿನ್ ಸತ್ತಿಲ್ಲ. ರಿಪೇರಿ ಮಾಡ್ಬಹುದು. ಆದರೆ ಇನ್ನು ಮೇಲೆ ಬಾವಿಯ ಉಪ್ಪುನೀರು ರೇಡಿಯೇಟರಿಗೆ ಹಾಕಿದ್ರೆ ಮತ್ತೆ ಇದೇ ಗತಿ."

"ಒಳ್ಳೆ ನೀರು ಕೊಂಡು ಹಾಕ್ತೀನಿ ಸಾರ್. ನಾವು ಕುಡಿಯೋದಕ್ಕೂ ಕೊಂಡೇ ತರೋದು," ಎಂದಳು.

ಅಂದು ಮನೆಗೆ ಹೋಗಿ ವಾದಿರಾಜನನ್ನು ಬಾಯಿಗೆ ಬಂದಂತೆ ಬೈದೆ. ಅಷ್ಟನ್ನೂ ಕೇಳಿಸಿಕೊಂಡು ನನ್ನ ಹೆಂಡತಿ ಪದ್ಮಾ ಅಂದಳು: "ಅವನು ಬರೆದ ಸರಿ. ಸೈನ್ ಹಾಕಿದ್ದು ಯಾರ್ರೀ? ಅದನ್ನ ಮೊದಲು ಹೋಗಿ ಹೇಳಿ." ನನ್ನ ಕೋಪ ಅವಳ ಮೇಲೂ ತಿರುಗಿತು.

ಮರುದಿನ ನುಂಗಂಬಾಕ್ಕಂಗೆ ಹೋದೆ. ವಾದಿರಾಜ ಎದ್ದು ನಿಂತು ಕುರ್ಚಿ ತೋರಿಸಿದ, ಕಾಫಿ ಹೇಳಿದ. ನಾನು ಕೂರಲಿಲ್ಲ.

"ಆ ಕಂಡಂ ಕ್ಯಾನ್ಸಲ್ ಮಾಡಪ್ಪ. ಬ್ಲಾಕ್ ಸರಿ ಇದೆ."

"ಮಾಮಾ, ಸಿಸ್ಟಂನಲ್ಲಿ ಅಪ್‌ಲೋಡ್ ಆಗೋಯ್ತು. ಅವರಿಗೆ ಎಕ್ಸ್‌ಚೇಂಜಲ್ಲಿ ಹೊಸದಕ್ಕೆ ನಲ್ಲ ಆಫರ್ ಇದೆ, ಒಳ್ಳೇ ರೇಟು, ನೀವೇ ಸ್ವಲ್ಪ ಹೇಳಿ."

"ಅವಳು ಹೊಸದು ಕೇಳಿಲ್ಲ. ನಾನು ಗಾಡಿ ನೋಡದೆ ಸಹಿ ಹಾಕಿದ್ದೀನಿ. ಹಾಗಂತ ಬರೆದುಕೊಡ್ತೀನಿ."

ಅವನ ಮುಖ ಬದಲಾಯಿತು, ದನಿ ಬದಲಾಗಲಿಲ್ಲ. ಅದೇ ಮೆತ್ತನೆಯ ಮನೆಮಾತಿನಲ್ಲಿ ಹೇಳಿದ: "ಹಾಗೆ ಬರೆದರೆ ಇದೊಂದೇ ಅಲ್ಲ ಮಾಮಾ, ಹಳೇದೆಲ್ಲಾ ಎದ್ದು ಬರತ್ತೆ. ನಿಮ್ಮ ಸೈನೇ ಇರೋದು, ನನ್ನದಲ್ಲ. ಇನ್ನು ನಾಲ್ಕು ತಿಂಗಳು. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ."

ಎರಡು ವರ್ಷ ನನ್ನನ್ನು ಕರಗಿಸಿದ ಕನ್ನಡ ಅದು. ಅವನೆದುರೇ ನಿಂತುಕೊಂಡು ಬರೆದೆ. ಈ ಗಾಡಿಯನ್ನು ನಾನು ನೋಡಿರಲಿಲ್ಲ, ಖಾಲಿ ಫಾರಂಗೆ ಸಹಿ ಹಾಕಿದ್ದೆ, ಎರಡು ವರ್ಷದಿಂದ ಹಾಗೆಯೇ ಹಾಕುತ್ತಾ ಬಂದಿದ್ದೇನೆ, ಈಗ ನೋಡಿದ್ದೇನೆ, ಇದು ರಿಪೇರಿಯಾಗುವ ಎಂಜಿನ್. ಒಂದು ಪ್ರತಿ ಅವನಿಗೆ, ಒಂದು ಪ್ರತಿ ಮಾಲೀಕರಿಗೆ. ಮಾಲೀಕರ ಟಪಾಲಿಗೆ ನಾನೇ ಕೈಯಾರೆ ಕೊಟ್ಟು ಸೀಲು ಹಾಕಿಸಿಕೊಂಡೆ. ಸಂಜೆಯೊಳಗೆ ಕಂಡಂ ರದ್ದಾಯಿತು. ಮುಂದಿನ ವಾರ ನನಗೆ ಮೆಮೊ ಬಂತು, ಉಳಿದ ತಿಂಗಳು ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸು ಎಂದು ಕೂರಿಸಿದರು. ವಾದಿರಾಜನಿಗೆ ಏನೂ ಆಗಲಿಲ್ಲ. ಅವನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲವಲ್ಲ.

ಹಳೆಯ ಫಾರಂಗಳನ್ನು ತೋರಿಸಿ ಎಂದು ಮೂರು ಸಲ ಕೇಳಿದೆ. ಕೊಡಲಿಲ್ಲ. ಅವುಗಳಲ್ಲಿ ಎಷ್ಟು ಎಂಜಿನ್ ನಿಜವಾಗಿ ಸತ್ತಿದ್ದವು, ಎಷ್ಟನ್ನು ನಾನು ಕೊಂದೆ ಎಂಬುದು ನನಗೆ ಗೊತ್ತಿಲ್ಲ. ಆ ಗಾಡಿಗಳ ಮೇಲೆ ಯಾರು ಕೂತಿದ್ದರು, ಯಾರು ಇಳಿದು ಸುಮ್ಮನೆ ಮನೆಗೆ ಹೋದರು ಎಂಬುದೂ ಗೊತ್ತಿಲ್ಲ. ಸೆಲ್ವಿ ಇಳಿಯಲಿಲ್ಲ, ಆದ್ದರಿಂದ ಅವಳೊಬ್ಬಳು ಗೊತ್ತು.

ಮೆಮೊ ಬರುವ ಹೊತ್ತಿಗೆ ಅವಳ ಎಂಜಿನ್ ಕೆಲಸ ಮುಗಿಯುತ್ತಾ ಬಂದಿತ್ತು, ಇದೊಂದು ಗಾಡಿ ಒಪ್ಪಿಸಿಯೇ ಸ್ಟೋರಿಗೆ ಹೋಗುತ್ತೇನೆ ಎಂದೆ. ಹದಿನಾಲ್ಕನೆಯ ದಿನ ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ಡಿಪ್‌ಸ್ಟಿಕ್ ಎಳೆದು ಆಯಿಲ್ ತೋರಿಸಿದೆ, ಜೇನಿನ ಬಣ್ಣ. ಗಾಡಿ ಸರಿಯಾಗಿ ಕೈಗೆ ಬಂತು ಎಂಬ ಡೆಲಿವರಿ ಕಾಗದ ಚಾಚಿದೆ. ಅವಳು ಪೆನ್ನು ಮುಟ್ಟಲಿಲ್ಲ.

"ಇಲ್ಲಿ ಸಿಮೆಂಟು ನೆಲ ಸಾರ್. ನನಗೆ ಎಳೀಬೇಕಾದ್ದು ಮರಳಲ್ಲಿ. ದೋಣಿ ಎಳೆದು ನೋಡಿ ಆಮೇಲೆ ಸೈನ್ ಹಾಕ್ತೀನಿ. ನೀವೇ ಅಲ್ಲಿಗೆ ಬನ್ನಿ."

ಗಿರಾಕಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹದಿನೈದನೆಯ ದಿನ ಬೆಳಿಗ್ಗೆ ಏಳಕ್ಕೆ ನಾನು ಕಡಲ ದಡದಲ್ಲಿ ಕಾಗದ ಹಿಡಿದು ನಿಂತಿದ್ದೆ. ಶೂಸಿನೊಳಗೆಲ್ಲಾ ಮರಳು. ರಸ್ತೆ ಪಕ್ಕದಲ್ಲಿ ಆ ಹೊಸ ಟ್ರ್ಯಾಕ್ಟರಿನವನೂ ಕೈಕಟ್ಟಿ ನೋಡುತ್ತಿದ್ದ. ಮೊದಲ ದೋಣಿಗೆ ಹಗ್ಗ ಬಿಗಿದರು. ಗಾಡಿ ಒಮ್ಮೆ ಹೂತು, ಮುಂದಿನ ಗಾಲಿ ಎತ್ತಿ, ಆಮೇಲೆ ಹಿಡಿದು ಎಳೆಯಿತು. ಎರಡನೆಯದು ಬಂತು. ಹನ್ನೊಂದು ದೋಣಿ ಮೇಲೆ ಬರುವವರೆಗೆ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ಹೊಸ ಟ್ರ್ಯಾಕ್ಟರಿನವನು ಅಷ್ಟರಲ್ಲಿ ಹೊರಟುಹೋಗಿದ್ದ.

ಎಂಜಿನ್ ನಿಲ್ಲಿಸದೆ ಇಳಿದು ಡಿಪ್‌ಸ್ಟಿಕ್ ಎಳೆಯಹೋದಳು. ನಿಲ್ಲಿಸಿ ಐದು ನಿಮಿಷ ಬಿಟ್ಟು ನೋಡಬೇಕು ಎಂದೆ. ನಿಲ್ಲಿಸಿದಳು, ಕಾದಳು, ಎಳೆದು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಕಾಗದ ಕೇಳಿದಳು. ಸಾಲಿನ ಕೆಳಗೆ ಬೆರಳಿಟ್ಟು, ಬಾಯಲ್ಲೇ ಓದಿಕೊಳ್ಳುತ್ತಾ ಪೂರ್ತಿ ಮುಗಿಸಿ, ಸಹಿ ಹಾಕಿದಳು.

ಅದರ ಹಿಂದೆ ಇನ್ನೊಂದು ಹಾಳೆ ಇತ್ತು. ಆಫೀಸ್ ಕಾಪಿ. ಗಿರಾಕಿಯ ಸಹಿ ಮೊದಲೇ ತೆಗೆದುಕೊಂಡು ವಿವರ ಆಮೇಲೆ ತುಂಬಿಕೊಳ್ಳುವುದು ನಮ್ಮಲ್ಲಿ ರೂಢಿ. ಇಷ್ಟೆಲ್ಲಾ ಆದ ಮೇಲೂ ನಾನೇ ಅದನ್ನು ಪಿನ್ ಮಾಡಿ ತಂದಿದ್ದೆ, ಎಲ್ಲಿ ಸಹಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಬೇರೆ ಮಾಡಿದ್ದೆ.

ಸೆಲ್ವಿ ಅದನ್ನು ತಿರುಗಿಸಿ ಎರಡೂ ಕಡೆ ನೋಡಿದಳು.

"ಇದರಲ್ಲಿ ಏನೂ ಬರೆದಿಲ್ಲ ಸಾರ್," ಎಂದು ನನ್ನ ಕೈಗೇ ವಾಪಸು ಕೊಟ್ಟಳು.